ಹಿಂಗಾಲಿಲ್ಲದ ಆರು ಕುರ್ಚಿ

ತೊಂಬತ್ತರ ದಶಕದ ಕೊನೆಯಲ್ಲಿ ಶಿರಸಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇತ್ತು. ಗೇಟು, ಕಿಟಕಿ ಸರಳು ಮಾಡಿಕೊಂಡಿದ್ದವನ ಮುಂದೆ ಒಂದು ದಿನ ಸಿದ್ದಾಪುರದ ಡಾಕ್ಟರಮ್ಮ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದನ್ನು ಹಿಡಿದರು. ಅದರಲ್ಲೊಂದು ಕುರ್ಚಿ. ಹಿಂದಿನ ಎರಡು ಕಾಲೇ ಇಲ್ಲ! ನೆಲದ ಮೇಲಿಂದ ಬಂದ ಪೈಪು ಮುಂದೆ ಬಾಗಿ ಮೇಲೆದ್ದು, ಅದೇ ಸೀಟಾಗಿ, ಅದೇ ಬೆನ್ನಾಗಿ ನಿಂತಿತ್ತು.

"ಹೊಸ ದವಾಖಾನೆಯಲ್ಲಿ ಪೇಷಂಟ್‌ಗಳು ಕೂರಲಿಕ್ಕೆ ಆರು ಬೇಕು. ಆಗ್ತದಾ?"

"ಅದೆಂತ ದೊಡ್ಡ ವಿಷಯ ಮೇಡಂ" ಅಂದುಬಿಟ್ಟೆ. ಆಗ ನನಗೆ ಸೊಕ್ಕು ಜಾಸ್ತಿ.

ಪೈಪಿನೊಳಗೆ ಒಣ ಮರಳು ಗಿಡಿದು, ಎರಡೂ ತುದಿ ಮುಚ್ಚಿ, ಕೆಂಪಗೆ ಕಾಯಿಸಿ ಬಗ್ಗಿಸಬೇಕು. ಮರಳು ಸಡಿಲವಿದ್ದರೆ ತಿರುವಿನಲ್ಲಿ ಪೈಪು ಬಿರಿಯುತ್ತದೆ. ಐದು ಕುರ್ಚಿ ಚೆನ್ನಾಗಿಯೇ ಬಂದವು. ಆರನೆಯದು ನನ್ನ ಅವಸರಕ್ಕೆ ಬಿರಿಯಿತು. ಅದೂ ಎಲ್ಲಿ? ಸೀಟಿನ ಮುಂದಿನ ತಿರುವಿನಲ್ಲಿ, ಕೂತವರ ಭಾರವೆಲ್ಲ ಬೀಳುವ ಜಾಗದಲ್ಲಿ. ಮರುದಿನವೇ ದವಾಖಾನೆಯ ಪೂಜೆ, ಹುಬ್ಬಳ್ಳಿಯಿಂದ ತರಿಸಿದ ಪೈಪು ಮುಗಿದಿತ್ತು. ಬಿರುಕಿಗೆ ವೆಲ್ಡಿಂಗ್ ಹೊಡೆದು, ಉಜ್ಜಿ ನುಣ್ಣಗೆ ಮಾಡಿ, ಕಪ್ಪು ಬಣ್ಣ ಬಳಿದೆ. ಆಮೇಲೆ ಬದಲಿಸಿ ಕೊಡೋಣವೆಂದು ಅದೊಂದರ ಸೀಟಿನ ಅಡಿಗೆ ಬಿಳಿ ಚುಕ್ಕೆ ಇಟ್ಟೆ.

ಪೂಜೆಗೆ ಹೋದರೆ ಆ ಕೋಣೆ ನೋಡಿ ಕಣ್ಣರಳಿತು. ಮೂರು ಗೋಡೆ ಅಚ್ಚ ಬಿಳಿ, ಒಂದು ಗೋಡೆ ಮಾತ್ರ ಗಾಢ ಕಿತ್ತಳೆ. ಬೋಗುಣಿ ಮಗುಚಿಟ್ಟಂಥ ಹಿತ್ತಾಳೆ ದೀಪ ಉದ್ದ ವಯರಿನಲ್ಲಿ ಇಳಿದಿತ್ತು. ಅದರಡಿ ನನ್ನ ಆರು ಕಪ್ಪು ಕುರ್ಚಿ. ಚುಕ್ಕೆಯದು ಯಾವುದೆಂದು ನನಗೇ ಗುರುತು ಹತ್ತಲಿಲ್ಲ. ಕೂತವರು "ಅರೆ, ತೂಗ್ತದೆ ಮಾರಾಯ!" ಎಂದು ಬೇಕೆಂದೇ ಕುಪ್ಪಳಿಸಿ ನಗುತ್ತಿದ್ದರು. ಒಂದೊಂದು ಸಲ ಕುಪ್ಪಳಿಸಿದಾಗಲೂ ನಾನು ಕುರ್ಚಿಯ ತಿರುವನ್ನೇ ನೋಡುತ್ತಿದ್ದೆ.

ವಾರದೊಳಗೆ ಹೊಸ ಪೈಪು ಬಂತು. ಹೋಗಿ ಹೇಳಲು ಮಾತ್ರ ಬಾಯಿ ಬರಲಿಲ್ಲ. ಇಂದು, ನಾಳೆ ಅನ್ನುತ್ತ ಎಂಟು ತಿಂಗಳು ಹೆದರಿಕೊಂಡೇ ಕಳೆದೆ. ಅಂಗಡಿಯ ಫೋನು ಹೊಡೆದುಕೊಂಡರೆ ಎತ್ತಲು ತಡ ಮಾಡುತ್ತಿದ್ದೆ. ಸಿದ್ದಾಪುರದ ಗಿರಾಕಿ ಬಂದರೆ ಮೊದಲು ಅವನ ಮುಖ ನೋಡುತ್ತಿದ್ದೆ, ಸುದ್ದಿ ಏನಾದರೂ ತಂದಿದ್ದಾನೋ ಎಂದು. ಅಲ್ಲಿಗೆ ಬಸುರಿಯರು ಬರುತ್ತಾರೆ, ಬಿದ್ದರೆ ಸೊಂಟ ಮುರಿಯುವಂಥ ಅಜ್ಜಿಯರು ಬರುತ್ತಾರೆ. ಎಲ್ಲ ಗೊತ್ತಿತ್ತು.

ಅಷ್ಟರಲ್ಲಿ ನನ್ನಮ್ಮನಿಗೆ ಮೊಣಕಾಲು ನೋವು ಶುರುವಾಯಿತು. "ಶಿರಸಿಯಲ್ಲಿ ಡಾಕ್ಟರಿಗೇನು ಬರವಾ?" ಎಂದು ನಾನು ರೇಗಿದರೂ ಕೇಳಲಿಲ್ಲ.

"ಆ ಡಾಕ್ಟರಮ್ಮನ ಹತ್ರಾನೇ ಹೋಗ್ವ. ನೀ ಮಾಡಿದ ಕುರ್ಚಿ ಮೇಲೆ ಒಂದ್ಸಲ ಕೂರ್ಬೇಕು ನಂಗೆ."

ದವಾಖಾನೆಯಲ್ಲಿ ಐದು ಕುರ್ಚಿ ಭರ್ತಿ, ಒಂದು ಖಾಲಿ. ಅಮ್ಮ ಅಲ್ಲಿದ್ದವರಿಗೆಲ್ಲ ಕೇಳುವಂತೆ, "ಇದು ನನ್ನ ಮಗ ಮಾಡಿದ್ದು" ಎಂದು ಸೆರಗು ಸರಿಮಾಡಿಕೊಂಡು ಬಗ್ಗಿದಳು. ಚುಕ್ಕೆಯದು ಅದೇ ಆಗಿದ್ದರೆ?

"ಅಮ್ಮಾ, ಕೂರಬೇಡ!"

ಕೂಗಿದ್ದಕ್ಕೆ ಕೂತಿದ್ದವರೆಲ್ಲ ಎದ್ದರು. ಡಾಕ್ಟರಮ್ಮ ಒಳಗಿಂದ ಓಡಿ ಬಂದರು. ಮುಚ್ಚಿಡಲು ಇನ್ನೇನು ಉಳಿದಿತ್ತು? ಚುಕ್ಕೆಯ ವಿಷಯ ಸಮೇತ ಎಲ್ಲ ಒದರಿದೆ. ಅವರು ಬೈಯಲಿಲ್ಲ. ಒಂದೊಂದೇ ಕುರ್ಚಿ ಮಗುಚಿದರು. ನಾಲ್ಕನೆಯದರ ಅಡಿಗೆ ಚುಕ್ಕೆ ಇತ್ತು. ಅಷ್ಟು ಹೊತ್ತು ಅದರಲ್ಲಿ ಕೂತಿದ್ದವಳು ತುಂಬು ಬಸುರಿ. ತಿರುವಿನ ಕಪ್ಪು ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು.

"ಎಂಟು ತಿಂಗಳಿಂದ ಗೊತ್ತಿತ್ತಾ ನಿಂಗೆ?"

ಕೇಳಿದ್ದು ಡಾಕ್ಟರಮ್ಮ ಅಲ್ಲ, ಅಮ್ಮ. ನಾನು ಹೌದೆಂದು ತಲೆಯಾಡಿಸಿದೆ. ಅವಳು ಆ ಬಸುರಿಯ ಕೈಹಿಡಿದು ಗೋಡೆ ಬದಿಯ ಮರದ ಬೆಂಚಿನ ಮೇಲೆ ಕೂರಿಸಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಸಂಜೆ ಶಿರಸಿಯ ಬಸ್ಸಿನಲ್ಲಿ ಆ ಕುರ್ಚಿಯನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು ಕೂತಿದ್ದೆ. ಪಕ್ಕದ ಸೀಟು ಖಾಲಿಯೇ ಇತ್ತು. ಅಮ್ಮ ಮೊಣಕಾಲು ಒತ್ತಿಕೊಳ್ಳುತ್ತ, ಊರು ಬರುವವರೆಗೂ ನಿಂತೇ ಬಂದಳು.