ಮುಳುಗಿದ ಹಡಗಿನ ಹರಿಯಪ್ಪ

ಠಾಣೆ ಪಟ್ಟಣದ ನೌಪಾಡಾದಲ್ಲಿ ಹೋಟೆಲು ನಡೆಸುವ ಹರಿಯಪ್ಪ ಮೆಂಡನ್ನರ ಗಲ್ಲಾದಲ್ಲಿ ಗಿರಾಕಿಗೆ ಕೊಡಲು ಚಿಲ್ಲರೆ ಎಂದೂ ಇರುವುದಿಲ್ಲ, ಆದರೆ ಅಂಗಿಯ ಜೇಬಿನಲ್ಲಿ ಸ್ಪೇನ್ ದೇಶದ ರಾಜ ಮಾತ್ರ ಸದಾ ಇರುತ್ತಾನೆ. "ಛುಟ್ಟಾ ದೋ ನಾ, ಅಣ್ಣಾ" ಎಂದವನ ಮುಂದೆ ಅವರು ಕರವಸ್ತ್ರ ಬಿಚ್ಚಿ, ಆ ರಾಜನ ಮುಖವಿರುವ, ಉಪ್ಪುನೀರು ತಿಂದು ಕಪ್ಪಾದ ಬೆಳ್ಳಿಯ ನಾಣ್ಯ ತೋರಿಸಿ, "ಮುಳುಗಿದ ಹಡಗಿನದ್ದು ಮಾರಾಯಾ, ಮುನ್ನೂರು ವರ್ಷ ಸಮುದ್ರದಡಿ ಇತ್ತು" ಎಂದು ಶುರುಮಾಡಿದರೆ, ಗಿರಾಕಿ ಚಿಲ್ಲರೆಯ ಆಸೆ ಬಿಟ್ಟು ಓಡುತ್ತಾನೆ. ಕಂಪ್ಯೂಟರಿನಲ್ಲಿ ನಡೆಯುವ ಹರಾಜಿನಲ್ಲಿ ಇಂಥವನ್ನು ಕೊಳ್ಳುವುದೇ ಅವರ ಚಟ. ಕಡೆಗೆ ಕೊಂಡ ಈ ನಾಣ್ಯಕ್ಕೆ ಹೆಂಡತಿ ಬಾಗಿಯ ಬಳೆಯೇ ಹೋಯಿತು. "ಬಂಗಾರ ಕೊಟ್ಟು ಮಸಿ ತಂದ ಗಂಡಸು ಪಡುಬಿದ್ರಿಯಿಂದ ಪನವೇಲಿನವರೆಗೆ ಇವರೊಬ್ಬರೇ" ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿದಳು. ಲೋಕಲ್ ರೈಲುಗಾಡಿ ಕಳವಾ ಊರಿನ ಬಳಿ ಸಮುದ್ರದ ಖಾಡಿಯ ಸೇತುವೆ ದಾಟುವಾಗ ಜನ ಕೈಮುಗಿದು ನೀರಿಗೆ ರೂಪಾಯಿ ಎಸೆದರೆ ಹರಿಯಪ್ಪನವರಿಗೆ ಮೈ ಉರಿಯುತ್ತದೆ. "ಮುಳುಗಿದ್ದನ್ನು ಮೇಲೆ ತರುವ ಕಷ್ಟ ಗೊತ್ತುಂಟಾ ನಿಮಗೆ?" ಎಂದು ಇಡೀ ಡಬ್ಬಿಗೆ ಕೇಳುವಂತೆ ಬೈಯುತ್ತಾರೆ. ಅಂಥವರು ಮೊನ್ನೆ ಅಪ್ಪನ ತಿಥಿಯ ದಿನ, ಹೆಂಡತಿಯೊಂದಿಗೆ ದೇವಸ್ಥಾನಕ್ಕೆ ಹೊರಟಾಗ, ಅದೇ ಸೇತುವೆಯ ಮೇಲೆ, ಬಳೆ ಕೊಟ್ಟು ತಂದ ಆ ನಾಣ್ಯವನ್ನೇ ಹಣೆಗೊತ್ತಿಕೊಂಡು ಎಸೆದುಬಿಟ್ಟರು. ಬಾಗಿ ಬೈಯಲು ಬಾಯಿ ತೆರೆದಳು. ಮಲ್ಪೆಯಿಂದ ಮೀನಿಗೆ ಹೋದ ಮಾವ ದೋಣಿ ಸಮೇತ ಮುಳುಗಿ, ಹೆಣವೂ ಸಿಗದೆ ಉಳಿದದ್ದು ನೆನಪಾಗಿ ಹಾಗೇ ಮುಚ್ಚಿದಳು. "ಅಪ್ಪನ ಹತ್ರ ಖರ್ಚಿಗೆ ಏನೂ ಇರ್ಲಿಕ್ಕಿಲ್ಲ, ಬಾಗಿ" ಎಂದರು ಹರಿಯಪ್ಪನವರು, ಖಾಲಿ ಕರವಸ್ತ್ರ ಮಡಚುತ್ತ. "ಅಲ್ಲಾದ್ರೂ ಅದಕ್ಕೆ ಚಿಲ್ಲರೆ ಸಿಗ್ಲಿ" ಎನ್ನುತ್ತ ಬಾಗಿ ನೀರಿಗೆ ಕೈಮುಗಿದಳು.