ಸಭೆಗೆ ಬರೆದ ಮಾನಪತ್ರ

ಯಲ್ಲಾಪುರ ತಾಲೂಕಿನ ನಮ್ಮ ಊರಿನಲ್ಲಿ ಯಾರನ್ನಾದರೂ ಸನ್ಮಾನಿಸದೆ ಆಗಸ್ಟ್ ಹದಿನೈದು ಮುಗಿಯುತ್ತಿರಲಿಲ್ಲ. ನಿವೃತ್ತ ಮಾಸ್ತರರೆಲ್ಲ ಮುಗಿದಿದ್ದರು, ಹೊಸಬರು ಬೇಕಿತ್ತು. ಆ ವರ್ಷ ಸಿಕ್ಕವರು ನೇಪಾಳದಲ್ಲಿ ಹುಟ್ಟಿ, ನಮ್ಮ ಸೇನೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಪದಕ ಪಡೆದು, ನಿವೃತ್ತರಾದ ಮೇಲೆ ಅರಬೈಲ್ ಘಟ್ಟದ ದಾರಿಯ ದವಾಖಾನೆಯೊಂದರಲ್ಲಿ ಪಟ್ಟಿ ಕಟ್ಟುತ್ತಿದ್ದವರು. ಘಟ್ಟದಲ್ಲಿ ಮಗುಚಿದ ಅದಿರು ಲಾರಿಗಳ ಚಾಲಕರು ಅವರ ಕೈ ದಾಟಿಯೇ ಹುಬ್ಬಳ್ಳಿಗೆ ಹೋಗುತ್ತಿದ್ದರು. ಅಲ್ಲಿಯವರೆಗೆ ಊರಿನ ಬಾಯಲ್ಲಿ ಅವರು ಬರೀ ‘ಗೂರ್ಖಾ’.

ಧಾರವಾಡದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ನನಗೆ ಮಾನಪತ್ರ ಬರೆಯುವ ಕೆಲಸ ಬಿತ್ತು. ಹೋಗಿ ಅವರನ್ನು ಕೇಳಿದೆ. ಗುಂಡಿನ ನಡುವೆ ಏಳು ಜನರನ್ನು ಎಳೆದು ತಂದೆ ಎಂದರೋ, ಒಂಬತ್ತೋ, ನನ್ನ ನೆನಪನ್ನು ನಾನು ನಂಬುವುದಿಲ್ಲ. ತಾವು ಒಂದು ಗುಂಡೂ ಹಾರಿಸಲಿಲ್ಲ ಎಂದದ್ದು ಮಾತ್ರ ಖಚಿತ, ಯಾಕೆಂದರೆ ಸನ್ಮಾನ ಸಮಿತಿಯವರು ಆ ಸಾಲನ್ನೇ ಹೊಡೆದುಹಾಕಿಸಿ ‘ಶತ್ರುಸಂಹಾರಕ’ ಎಂದು ಬರೆಸಿದರು. ಬರೆದವನು ನಾನೇ. ಮೇಲಿಂದ ‘ನಮ್ಮೂರ ಹೆಮ್ಮೆಯ ಪುತ್ರ’ ಎಂದೂ ಸೇರಿಸಿದೆ. ಪಂಚಾಯತಿ ಅಧ್ಯಕ್ಷರು ಸಹಿ ಹಾಕಿ, ಚೌಕಟ್ಟು ಕಟ್ಟಿಸಿ, ಸಭೆಯಲ್ಲಿ ಗದ್ಗದಿತರಾಗಿ ಓದಿದರು. ಜೊತೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಅರ್ಧಕ್ಕರ್ಧ ಹುಲ್ಲು.

ಮರುವರ್ಷ ಅವರ ಮಗಳಿಗೆ ಶಿರಸಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಸೋಮವಾರದೊಳಗೆ ವಾಸದ ದಾಖಲೆ ಕೊಡಬೇಕು. ಸೇನೆಯ ಕಾಗದಗಳಲ್ಲಿ ನೇಪಾಳದ ವಿಳಾಸ, ಬಾಡಿಗೆ ಮನೆಗೆ ಕರಾರಿಲ್ಲ. ಅವರು ಗೋಡೆಯ ಮಾನಪತ್ರವನ್ನೇ ಬಿಚ್ಚಿ, ಗಾಜಿನ ಸಮೇತ ಕಂಕುಳಲ್ಲಿಟ್ಟುಕೊಂಡು ಪಂಚಾಯತಿಗೆ ಬಂದರು. ಮಾತಿಗೆ ನೆರವಾಗಲೆಂದು ಪಕ್ಕದ ಮನೆಯ ನನ್ನನ್ನೂ ಕರೆತಂದಿದ್ದರು.

ಅಧ್ಯಕ್ಷರು ಅವರತ್ತ ನೋಡದೆ ನನಗೆ ಹವಿಗನ್ನಡದಲ್ಲಿ ಹೇಳಿದರು: “ತಮಾ, ಅದು ಸಭೆಗೆ ಬರೆದದ್ದು. ಆನು ಹ್ಯಾಂಗೆ ದಾಖಲೆ ಕೊಡ್ಲಿ? ಹೊರಗಿಂದ ಬಂದವ್ರು, ನಾಳೆ ಎಂತಾದ್ರೂ ಆದ್ರೆ?”

ಅವರು ಗಾಜಿನ ಮೇಲೆ ಬೆರಳಿಟ್ಟರು. “ಸಾಹೇಬ್ರೆ, ಸಹಿ ನಿಮ್ಮದೇ. ಪುತ್ರ ಅಂತ ಬರೆದಿದೆ. ಪುತ್ರ ಬೇಡ. ಹನ್ನೊಂದು ವರ್ಷದಿಂದ ಇಲ್ಲಿ ಇದ್ದಾನೆ, ಅಷ್ಟೇ ಬರೀರಿ.”

ಅಧ್ಯಕ್ಷರು ನಕ್ಕು ಚಹಾ ತರಿಸಿದರು. ನಮ್ಮಲ್ಲಿ ದೊಡ್ಡವರು ಆಗುವುದಿಲ್ಲ ಎನ್ನುವುದು ಚಹಾ ಕುಡಿಸಿಯೇ. ಊರಲ್ಲಿ ಸ್ವಂತ ಮನೆಯಿರುವ ಯಾರಾದರೂ ಬರೆದುಕೊಟ್ಟರೂ ನಡೆದೀತು ಎಂದು ಗುಮಾಸ್ತ ಹೇಳಿದ. ನಮ್ಮ ಮನೆ ಸ್ವಂತದ್ದು.

ಆಗ ನಾನು ಥಟ್ಟನೆ ಕಾಗದ ಕೇಳಿ ಬರೆದುಕೊಟ್ಟೆ ಎಂದು ಬಹಳ ವರ್ಷ ಸ್ನೇಹಿತರಿಗೆ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ಮೆಚ್ಚಿಕೊಂಡಿದ್ದಾರೆ. ಆದರೆ ಹಾಗೆ ಬರೆದುಕೊಟ್ಟಿದ್ದರೆ ಆ ಹುಡುಗಿ ಸೋಮವಾರ ಶಿರಸಿಯ ಬಸ್ಸು ಹತ್ತಿರಬೇಕಿತ್ತು. ಅವಳು ಆ ವರ್ಷವಿಡೀ ಅಪ್ಪನ ಪಕ್ಕ ದವಾಖಾನೆಯಲ್ಲಿ ಹತ್ತಿ ಕತ್ತರಿಸುತ್ತ ಕೂತದ್ದನ್ನು ನಾನು ದಿನವೂ ನೋಡಿದ್ದೇನೆ.