ಅನುಮೋದಕರ ಜಾಗ ಖಾಲಿ ಇದೆ

ನನ್ನ ಅಕ್ಷರ ದುಂಡಗಿದೆ. ಇದು ಹೆಮ್ಮೆಯ ಮಾತಲ್ಲ, ತಪ್ಪೊಪ್ಪಿಗೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನೌಕರಿಯ ಬಹುಪಾಲು ದಿನಗಳನ್ನು ಪುರಜನರ ಸಭೆಯ ನಡವಳಿ ಬರೆಯುತ್ತ ಕಳೆದೆ. ಸದಸ್ಯರು ಕೂಗಾಡಿದ್ದನ್ನು ‘ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದೂ, ಮೇಜು ಗುದ್ದಿದ್ದನ್ನು ‘ಸಭೆಯ ಗಮನ ಸೆಳೆದರು’ ಎಂದೂ ಬರೆಯುವ ವಿದ್ಯೆ ನನಗೆ ಕರಗತ. ಈಗ ನಿವೃತ್ತನಾದ ಮೇಲೂ ಚಾಳಿ ಬಿಟ್ಟಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರೆ, ಅವಳು ನನ್ನ ಗಮನ ಸೆಳೆಯುತ್ತಿದ್ದಾಳೆ ಎಂದುಕೊಂಡು ಸುಮ್ಮನೆ ಕೂತಿರುತ್ತೇನೆ.

ಯಾವ ಊರಿನ ಸಭೆ ಎಂದು ಕೇಳಬೇಡಿ. ಕಾರವಾರದವರು ಇದನ್ನು ಅಂಕೋಲೆಯ ಕತೆ ಎಂದುಕೊಳ್ಳಲಿ, ಅಂಕೋಲೆಯವರು ಕಾರವಾರದ್ದು ಎಂದುಕೊಳ್ಳಲಿ. ನಡುವೆ ಬಸ್ಸಿನಲ್ಲಿ ಓಡಾಡುವ ನಾನು ಎರಡೂ ಕಡೆ ಚಹಾ ಕುಡಿಯಬೇಕಾದವನು.

ಸಭೆಯಲ್ಲಿ ಠರಾವು ಪಾಸಾಗಬೇಕಾದರೆ ಇಬ್ಬರು ಬೇಕು. ಒಬ್ಬರು ಸೂಚಕರು, ಇನ್ನೊಬ್ಬರು ಅನುಮೋದಕರು. ಗಟಾರದ ಠರಾವಿಗೆ, ನೀರಿನ ಪೈಪಿನ ಠರಾವಿಗೆ ಅನುಮೋದಕರನ್ನು ನಾನು ಕಣ್ಣಿನಲ್ಲೇ ಬೇಡಿ ಹುಡುಕಬೇಕಾಗುತ್ತಿತ್ತು. ನಾಳೆ ಪೈಪು ಒಡೆದರೆ ಜನ ಅವರ ಮನೆ ಬಾಗಿಲಿಗೆ ಬರುತ್ತಾರಲ್ಲ! ಆದರೆ ಅಭಿನಂದನೆಯ ಠರಾವು ಒಡೆಯುವುದಿಲ್ಲ, ಸೋರುವುದೂ ಇಲ್ಲ. ಅದಕ್ಕೆ ಹೆಸರು ಕೊಡಲು ಸಭೆಗೆ ಸಭೆಯೇ ಎದ್ದು ನಿಲ್ಲುತ್ತದೆ. ಇದರಲ್ಲಿ ಸದಸ್ಯರನ್ನಷ್ಟೇ ನೋಡಿ ನಗುವ ಹಕ್ಕು ನನಗಿಲ್ಲ. ನನ್ನ ಮಗಳ ಲಗ್ನಪತ್ರಿಕೆಯಲ್ಲಿ ‘ತಮ್ಮ ಆಗಮನವನ್ನು ಬಯಸುವವರು’ ಎಂಬುದರ ಕೆಳಗೆ ನನ್ನ ಚಿಕ್ಕಪ್ಪನ ಹೆಸರು ಬಿಟ್ಟುಹೋಯಿತು. ಅವರು ಮದುವೆಗೆ ಬಂದರು, ಊಟವನ್ನೂ ಮಾಡಿದರು, ಆದರೆ ಎರಡನೇ ಸಲ ಪಾಯಸ ಹಾಕಿಸಿಕೊಳ್ಳಲಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರತಿಭಟನೆ ಇಲ್ಲ.

ನಾನು ಹೇಳಹೊರಟ ಠರಾವು ಹಾರವಾಡದ ದಾಮುವಿನದು. ಮೀನುಗಾರ, ಮಿತಭಾಷಿ. ಒಂದು ರವಿವಾರ ನಮ್ಮ ಊರಿನ ಇಬ್ಬರು ಅಲ್ಲಿಯ ಬಂಡೆಯ ಮೇಲೆ ನಿಂತು ಗಾಳ ಹಾಕುತ್ತಿದ್ದಾಗ ತೆರೆ ಅವರನ್ನು ಎಳೆದುಕೊಂಡಿತು. ದಾಮು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಹಾರಿದ. ಹಗ್ಗದ ಇನ್ನೊಂದು ತುದಿಯನ್ನು ಬಂಡೆಯ ಮೇಲೆ ಹಿಡಿದು ನಿಂತವಳು ಅವನ ಹೆಂಡತಿ ಶೇವಂತಿ. ಒಬ್ಬೊಬ್ಬರಾಗಿ ಇಬ್ಬರೂ ದಡಕ್ಕೆ ಬಂದರು. ಹಾರವಾಡದವರು ಬರೆದು ಕಳಿಸಿದ ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇತ್ತು. ಆದರೆ ನಮ್ಮ ಅಭಿನಂದನಾ ಪತ್ರದ ಅಚ್ಚಾದ ನಮೂನೆಯಲ್ಲಿ ಇದ್ದದ್ದು ಒಂದೇ ಗೆರೆ: ‘ಶ್ರೀ / ಶ್ರೀಮತಿ’. ಅನ್ವಯಿಸದ್ದನ್ನು ಹೊಡೆದುಹಾಕಬೇಕೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆ. ನಾನು ಸ್ವಲ್ಪವೂ ಯೋಚಿಸದೆ ಶ್ರೀಮತಿಯನ್ನು ಹೊಡೆದುಹಾಕಿದೆ. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಇದು.

ಸಭೆಯಲ್ಲಿ ಇದನ್ನು ಯಾರೂ ಗಮನಿಸಲಿಲ್ಲ. ಅವರ ಗಮನವೆಲ್ಲ ಸೂಚಕರ, ಅನುಮೋದಕರ ಹೆಸರು ಬರುವ ಪತ್ರದ ತಳಭಾಗದಲ್ಲಿತ್ತು. ಬಂದರು ವಾರ್ಡಿನ ಗಣಪತಣ್ಣ ಎದ್ದು, “ಬದ್ಕ್ ಬಂದವ್ರಲ್ಲಿ ಒಬ್ಬಂವ ನನ್ ಭಾವ. ಠರಾವು ನಾನೇ ಮಂಡ್ಸೂದು” ಎಂದರು. ಅದಕ್ಕೆ ಯಾರೂ ಎದುರಾಡಲಿಲ್ಲ. ಅನುಮೋದನೆ ಎಂದದ್ದು ಮಾತ್ರ ಇಬ್ಬರು, ಪೇಟೆ ವಾರ್ಡಿನ ಸುಮಿತ್ರಕ್ಕ ಮತ್ತು ಅವರ ಪಕ್ಕದ ಕುರ್ಚಿಯ ಪ್ರಭಾಕರರು.

“ಮೊದ್ಲು ಅಂದದ್ದು ನಾನು. ಬೇಕಾರೆ ಕಾರಕೂನರನ್ನೇ ಕೇಳಿ” ಎಂದರು ಸುಮಿತ್ರಕ್ಕ.

“ಅಂದದ್ದು ಅವ್ರೇ ಇರೂಕೆ ಸಾಕು. ಆದ್ರೆ ಅದ್ಕೂ ಮೊದ್ಲೇ ನಾ ಕೈ ಎತ್ತಿ ಆಗಿತ್ತು” ಎಂದರು ಪ್ರಭಾಕರರು.

ಎಲ್ಲರೂ ನನ್ನತ್ತ ತಿರುಗಿದರು. ಆ ಐತಿಹಾಸಿಕ ಕ್ಷಣದಲ್ಲಿ ನಾನು ಚಹಾದೊಳಗೆ ಮುರಿದುಬಿದ್ದ ಅರ್ಧ ಬಿಸ್ಕಿಟನ್ನು ಹುಡುಕುತ್ತಿದ್ದೆ. ನನಗೆ ಬಿಸ್ಕಿಟೂ ಸಿಗಲಿಲ್ಲ, ಸಭೆಗೆ ಸಾಕ್ಷಿಯೂ ಸಿಗಲಿಲ್ಲ. ಇಬ್ಬರ ಹೆಸರನ್ನೂ ಹಾಕಿ ಎಂದರೆ, ಹಾಗಾದರೆ ನಮ್ಮದೂ ಇರಲಿ ಎಂದು ಉಳಿದವರು. ‘ಸಹಸೂಚಕರು’ ಎಂಬ ಹೊಸ ಪದವೇ ಅಂದು ಹುಟ್ಟಿತು. ಹೆಸರುಗಳು ವಾರ್ಡಿನ ಸಂಖ್ಯೆಯ ಪ್ರಕಾರವೋ, ಹಿರಿತನದ ಪ್ರಕಾರವೋ, ಅಕಾರಾದಿಯೋ? ಅಕಾರಾದಿಯಾದರೆ ಹೆಸರಿನದೋ ಅಡ್ಡಹೆಸರಿನದೋ? ಮೂರು ಸಭೆಗಳು ಇದರಲ್ಲೇ ಮುಗಿದವು. ಬೀದಿದೀಪದ ವಿಷಯ ಸಮಯಾಭಾವದಿಂದ ಮುಂದಕ್ಕೆ ಹೋಯಿತು. ಕೊನೆಗೆ ಅಧ್ಯಕ್ಷರು ಹಣೆ ಒರೆಸಿಕೊಂಡು, “ಅನುಮೋದಕರ ಜಾಗದಲ್ಲಿ ಸದ್ಯ ಚುಕ್ಕೆ ಇಡಿ, ಮುಂದೆ ನೋಡ್ಕಂಬ” ಎಂದು ತೀರ್ಪು ಕೊಟ್ಟರು.

ಬಿಡುವಿನಲ್ಲಿ ನಾನು ಠರಾವು, ಅನುಮೋದನೆ ಎಂಬ ಪದಗಳನ್ನು ಬಿಡಿಸಿ ನೋಡಿದೆ. ಠರಾವು ಮರಾಠಿ ಕಡೆಯಿಂದ ಬಂದದ್ದು. ಅಲೆದಾಡಿದ್ದು ಒಂದು ಕಡೆ ನಿಲ್ಲುವುದು ಎಂಬ ಅರ್ಥ ಅದರ ಬೇರಿನಲ್ಲಿದೆ. ನಮ್ಮದಂತೂ ನಿಲ್ಲುವ ಲಕ್ಷಣ ತೋರಿಸಲಿಲ್ಲ. ಅನುಮೋದನೆ ಸಂಸ್ಕೃತದ್ದು. ಮೋದವೆಂದರೆ ಸಂತೋಷ. ಇನ್ನೊಬ್ಬರ ಸಂತೋಷದ ಹಿಂದೆ ನಿಂತು ತಾನೂ ಸಂತೋಷಪಡುವವರು ಅನುಮೋದಕರು. ಇಷ್ಟು ವರ್ಷ ಸಾವಿರಾರು ಸಲ ಬರೆದ ಪದದೊಳಗೆ ಸಂತೋಷ ಇತ್ತೆಂಬುದು ನನಗೆ ಗೊತ್ತೇ ಇರಲಿಲ್ಲ. ಮೂರು ಸಭೆಗಳಲ್ಲಿ ಅದನ್ನು ಯಾರ ಮುಖದಲ್ಲೂ ಕಂಡಿರಲಿಲ್ಲ.

ಸನ್ಮಾನ ನಡೆಯಿತು. ಒಂದು ಶಾಲಿಗೆ ಎಷ್ಟು ಕೈ ತಾಗಬಹುದೋ ಅಷ್ಟೂ ತಾಗಿದವು. ಫೋಟೋದಲ್ಲಿ ದಾಮುವಿನ ಹಣೆ ಮಾತ್ರ ಕಾಣುತ್ತದೆ. ಶೇವಂತಿ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಪತ್ರ ಹಿಡಿದುಕೊಂಡು ಕಚೇರಿಗೆ ಬಂದರು.

“ಕಾರಕೂನರೇ, ಇಲ್ಲಿ ಚುಕ್ಕೆ ಇಟ್ಟದ್ದು ಎಂತಕ್ಕೆ?” ಎಂದು ಕೇಳಿದ ದಾಮು.

“ಅದು ಅನುಮೋದಕರ ಜಾಗ. ಹೆಸ್ರು ಇನ್ನೂ ಠರಾವಾಗ್ಲಿಲ್ಲ.”

“ಹಾಂಗಂದ್ರೆ ಎಂತ ಮಾಡೋರು ಅವ್ರು?”

ಸಂಸ್ಕೃತ ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. “ಮುಂದಿದ್ದಂವ ಒಂದು ಮಾತು ಎತ್ತಿದ್ರೆ, ಹಿಂದೆ ನಿಂತ್ಕಂಡು ಅದ್ನ ಗಟ್ಟಿ ಹಿಡಿಯೋರು. ಅವ್ರು ಬಿಟ್ರೆ ಮುಂದಿದ್ದಂವ ಬಿದ್ದ ಹಾಂಗೇ” ಎಂದೆ.

ದಾಮು ಹೆಂಡತಿಯತ್ತ ಕೈ ತೋರಿಸಿದ. “ಹಾಂಗಾರೆ ಅದು ಶೇವಂತಿನೇ ಅಲ್ರಾ? ಹಗ್ಗ ಹಿಡ್ಕಂಡು ನಿಂತದ್ದು ಅದು. ಊರ ತುಂಬ ದಾಮು ಉಳಿಸ್ದ, ದಾಮು ಉಳಿಸ್ದ ಅಂಬ್ರು. ಮನಿಗೆ ಹೋದ್ರೆ ಅದರ ಮುಖ ನೋಡೂಕೆ ನಾಚ್ಕೆ ಆಗ್ತದೆ ನಂಗೆ.”

“ಇವ್ರದ್ದೊಂದು. ನಾ ಎಂತ ಮಾಡ್ದೆ? ಹಿಡ್ಕಂಡೆ ಅಷ್ಟೇ” ಎಂದು ಶೇವಂತಿ ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಳು. ಕೈ ಎತ್ತುವಾಗ ಕಂಡ ಅಂಗೈಯಲ್ಲಿ ಹಗ್ಗ ಉಜ್ಜಿ ಚರ್ಮ ಕಿತ್ತ ಗೆರೆ ಇನ್ನೂ ಮಾಸಿರಲಿಲ್ಲ.

ನನಗೆ ನಿಜವಾಗಿ ನಾಚಿಕೆಯಾಯಿತು. ಆ ಕೈಯನ್ನೇ ನಾನು ಒಂದು ಪೆನ್ನಿನ ಗೀಟಿನಿಂದ ಹೊಡೆದುಹಾಕಿದ್ದೆ. ಅದನ್ನು ತಿದ್ದಬೇಕಾದರೆ ತಿದ್ದುಪಡಿ ಠರಾವು ಬೇಕು, ಅದಕ್ಕೆ ಸೂಚಕರು ಬೇಕು, ಮತ್ತೆ ಅನುಮೋದಕರು ಬೇಕು. ಮತ್ತೆ ಮೂರು ಸಭೆ! ಸಭೆಯಲ್ಲಿ ಯಾರೂ ಆಡದ ಒಂದಕ್ಷರವನ್ನೂ ಅಲ್ಲಿಯವರೆಗೆ ನಾನು ಬರೆದವನಲ್ಲ. ಕಿಟಕಿಯಾಚೆ ಒಮ್ಮೆ ನೋಡಿದೆ, ಪೆನ್ನಿನ ಟೋಪಿ ತೆಗೆದೆ, ಚುಕ್ಕೆಗಳ ಮೇಲೆ ದುಂಡಗೆ ಬರೆದೆ: ಶ್ರೀಮತಿ ಶೇವಂತಿ.

ತಿಂಗಳ ಮೇಲೆ ಗಣಪತಣ್ಣನ ಭಾವ ಹಾರವಾಡದ ದಾಮುವಿನ ಮನೆಯಲ್ಲೇ ಎಲ್ಲ ಸದಸ್ಯರಿಗೂ ಮೀನೂಟ ಹಾಕಿಸಿದ. ನನ್ನನ್ನೂ ಕರೆದರು. ಬಾಳೆ ಎಲೆಯ ಮುಂದೆ ಕೂತು ತಲೆ ಎತ್ತಿದರೆ ಎದುರಿನ ಗೋಡೆಯ ಮೇಲೆ ಕಟ್ಟುಹಾಕಿಸಿದ ಅಭಿನಂದನಾ ಪತ್ರ! ನಾನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನನಾದಂತೆ ಕೂತೆ. ಒಬ್ಬೊಬ್ಬರೇ ಓದಿದರು. ತಮ್ಮ ಹೆಸರು ಹುಡುಕುತ್ತ ಕೆಳಗಿಳಿದ ಕಣ್ಣುಗಳು ಆ ಗೆರೆಯಲ್ಲಿ ನಿಂತವು. ಅಷ್ಟರಲ್ಲಿ ಶೇವಂತಿ ಸಾರಿನ ಪಾತ್ರೆ ಹಿಡಿದು ಬಡಿಸುತ್ತ ಬಂದಳು. ಸುಮಿತ್ರಕ್ಕ ಗೋಡೆಯನ್ನು ನೋಡಿದರು, ಬಡಿಸುವ ಕೈಯ ಗೆರೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಅಕ್ಷರ ದುಂಡಗೆ ಚೆಂದ ಬಂದದೆ, ಕಾರಕೂನರೇ” ಎಂದರು. “ಶೇವಂತಿ, ನಂಗಿನ್ನೊಂದು ಸೌಟು ಹಾಕೇ.”

ಪ್ರಭಾಕರರೂ ಬಾಳೆ ಮುಂದೆ ಸರಿಸಿದರು. ಗಣಪತಣ್ಣನೂ. ಎಲ್ಲರೂ ಎರಡನೇ ಸಲ ಹಾಕಿಸಿಕೊಂಡರು. ಸರ್ವಾನುಮತದಿಂದ ಅಂಗೀಕರಿಸಲಾಯಿತು ಎಂದು ನಡವಳಿ ಪುಸ್ತಕದಲ್ಲಿ ಎಷ್ಟು ಸಲ ಸುಳ್ಳು ಬರೆದಿದ್ದೇನೋ ಲೆಕ್ಕವಿಲ್ಲ. ಅದು ಕಣ್ಣೆದುರೇ ನಿಜವಾದ ದಿನ ಬರೆದಿಡೋಣವೆಂದರೆ, ನನ್ನ ಕೈ ಎಂಜಲಾಗಿತ್ತು.